ಹೂ ಕಟ್ಟುವ ಹಾಗೆ ಕೈ

ಕಡತದ ಲಾಡಿ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ನನ್ನದೇ ಕೈಬರಹ. 2003ರ ಜುಲೈ ತಿಂಗಳ ಒಂದು ರಾತ್ರಿ. ನಾನಾಗ ಮೆಡಿಸಿನ್ ಸ್ನಾತಕೋತ್ತರ ವಿದ್ಯಾರ್ಥಿನಿ, ಹೆಂಗಸರ ವಾರ್ಡಿನಲ್ಲಿ ನೈಟ್ ಡ್ಯೂಟಿ. ‘ನಿದ್ದೆ ಇಲ್ಲ. ಕೇಳಿದ್ದಕ್ಕೆ ಉತ್ತರ ಇಲ್ಲ. ಸಹಕರಿಸುತ್ತಿಲ್ಲ. ಫಂಕ್ಷನಲ್?’ ಎಂದು ಬರೆದು ಸಹಿ ಹಾಕಿದ್ದೇನೆ. ಫಂಕ್ಷನಲ್ ಎಂಬುದು ವಾರ್ಡಿನ ಭಾಷೆ. ದೇಹದಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನದು ಎಂದು ಅದರ ಅರ್ಥ. ಕೊನೆಗಿರುವ ಆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಬಿಟ್ಟರೆ ಆ ಸಾಲಿನಲ್ಲಿ ಇವತ್ತು ನಾನು ಒಪ್ಪುವಂಥದ್ದು ಏನೂ ಇಲ್ಲ.

ಅದೇ ರಾತ್ರಿಯ ಇನ್ನೊಂದು ಹಾಳೆ ಹಿಂದುಗಡೆ ಇತ್ತು. ನರ್ಸಿಂಗ್ ನೋಟ್ಸ್. ತುಕ್ಕು ಹಿಡಿದ ಪಿನ್ನು ಕಾಗದಕ್ಕೆ ಕಂದು ಬಣ್ಣ ಬಿಟ್ಟಿತ್ತು. ಜ್ವರ, ನಾಡಿ, ಬಿಪಿ ಎಲ್ಲ ಇಂಗ್ಲಿಷಿನಲ್ಲಿ ಬರೆದ ಸಿಸ್ಟರ್, ಕಂಡದ್ದನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದರು. ‘1.40. ಮಲಗಿಲ್ಲ. ಬಾಯಿ ಜಗಿಯುತ್ತಿದೆ. ತಿನ್ನಲು ಏನೂ ಕೊಟ್ಟಿಲ್ಲ.’ ಅದರ ಕೆಳಗೆ, ‘3.15. ಬಾಯಿ ಹಾಗೇ ಇದೆ. ಎರಡೂ ಕೈ ಹೂ ಕಟ್ಟುವ ಹಾಗೆ ಆಡುತ್ತಿವೆ. ಕಣ್ಣು ತೆರೆದಿದೆ, ನೋಡುತ್ತಿಲ್ಲ. ಡ್ಯೂಟಿ ಡಾಕ್ಟರಿಗೆ ತಿಳಿಸಿದೆ.’

ಆ ಡ್ಯೂಟಿ ಡಾಕ್ಟರು ನಾನು.

ಈ ಕಡತವನ್ನು ಹುಡುಕಿಕೊಂಡು ಹೋಗಲು ಕಾರಣ 2014ರಲ್ಲಿ ಅಮೆರಿಕದ ನರವೈದ್ಯರ ಪತ್ರಿಕೆಯೊಂದರಲ್ಲಿ ಬಂದ ಲೇಖನ. ಮಿದುಳಿಗೆ ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ ಬೆಂಕಿ ಹಚ್ಚುವ ಎರಡು ಬೇರೆ ಬೇರೆ ಕಾಯಿಲೆಗಳು ಒಬ್ಬರಲ್ಲೇ ಕಾಣಿಸಿಕೊಳ್ಳಬಹುದು ಎಂಬುದು ಅದರ ವಿಷಯ. ಓದುತ್ತ ಓದುತ್ತ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಆದರೆ ನೆನಪನ್ನು ನಂಬುವ ಹಾಗಿಲ್ಲ. ಆಮೇಲೆ ಓದಿದ್ದೆಲ್ಲ ಹಿಂದಕ್ಕೆ ಹರಿದು ನೆನಪಿನೊಳಗೆ ಸೇರಿಕೊಂಡುಬಿಡುತ್ತದೆ. ಕಾಗದ ಬೇಕಿತ್ತು. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಿದರೆ ಸಾಕು ಎನ್ನುತ್ತದೆ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. ಆದರೆ ಕಲಿಸುವ ಆಸ್ಪತ್ರೆಗಳಲ್ಲಿ ಎಸೆಯಲು ಮನಸ್ಸು ಬಾರದೆ ಉಳಿದುಬಿಡುವ ಕಟ್ಟುಗಳು ಇರುತ್ತವೆ. ಆಸ್ಪತ್ರೆಯವರ ಅನುಮತಿ ಸಿಗಲು ನಾಲ್ಕು ತಿಂಗಳು, ಕಟ್ಟು ಸಿಗಲು ಮೂರು ದಿನ ಹಿಡಿಯಿತು. ನೆಲಮಾಳಿಗೆ, ನುಸಿಗುಳಿಗೆಯ ವಾಸನೆ, ಕೆಂಪು ಬಟ್ಟೆಯ ಗಂಟುಗಳು, ಅಂಚು ತಿಂದ ಬೆಳ್ಳಿಹುಳು. ಗುರುತು ಹತ್ತದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಯ ವಿವರಗಳನ್ನು ಮುಟ್ಟಿಲ್ಲ.

ಕಡತದ ಪ್ರಕಾರ ಅವಳಿಗೆ ಆಗ ಇಪ್ಪತ್ತೆರಡು. ಎರಡು ವರ್ಷದ ಹಿಂದೆ ಎಡಗಣ್ಣು ಮಂಜಾಗಿತ್ತು. ಕಣ್ಣು ಹೊರಳಿಸಿದರೆ ನೋವು. ಆರು ವಾರದಲ್ಲಿ ತಾನಾಗಿ ತಿಳಿಯಾಯಿತು. ಮರುವರ್ಷ ಸೊಂಟದಿಂದ ಕೆಳಗೆ ಜೋಮು, ಮೂತ್ರ ತಡೆದುಕೊಳ್ಳಲಾಗದ ತೊಂದರೆ. ಎಂಆರ್‌ಐಯಲ್ಲಿ ಮಿದುಳಿನ ಬಿಳಿಭಾಗದಲ್ಲಿ ಕಲೆಗಳು ಕಂಡವು. ಬೆನ್ನಿನ ನೀರಿನಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವವರಲ್ಲಿ ಹೆಚ್ಚಾಗಿ ಸಿಗುವ ಪ್ರೋಟೀನಿನ ಪಟ್ಟೆಗಳೂ ಸಿಕ್ಕವು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರಿಟ್ಟರು. ನರತಂತುಗಳಿಗೆ ಹೊದಿಸಿದ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ದೇಹದ ರಕ್ಷಕ ಕಣಗಳೇ ಕಿತ್ತುಹಾಕುವ ಕಾಯಿಲೆ ಅದು. ಹೊದಿಕೆ ಹೋದ ಕಡೆ ಸಂದೇಶ ನಿಧಾನವಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಅವಳ ವಿಷಯದಲ್ಲಿ ಆ ಹೆಸರು ಸರಿಯಾಗೇ ಕಂಡಿತ್ತು.

ಆಮೇಲೆ 2003ರ ಆ ದಾಖಲಾತಿ. ಹತ್ತು ದಿನ ಸಣ್ಣ ಜ್ವರ, ತಲೆನೋವು. ನಂತರ ಭಯ. ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದಳಂತೆ. ನಿದ್ದೆ ಹೋಯಿತು, ಮಾತು ಹೋಯಿತು, ಒಮ್ಮೆ ಫಿಟ್ಸ್ ಬಂತು. ಒಳಗೆ ಸೇರಿಸಿಕೊಂಡ ಹಾಳೆಯ ಮೇಲೆ ‘ಎಂಎಸ್ ಮರುಕಳಿಕೆ, ಮನೋವಿಕಾರದೊಂದಿಗೆ’ ಎಂದಿದೆ. ಮುಂದಿನ 23 ದಿನ ಯಾರೂ ಆ ಸಾಲನ್ನು ತಿದ್ದಿಲ್ಲ. ಅವಳ ಮೇಲೆ ಒಂದು ಹೆಸರು ಆಗಲೇ ಇತ್ತಲ್ಲ, ಹೊಸದಾಗಿ ಬಂದದ್ದೆಲ್ಲವನ್ನೂ ಅದೇ ಹೆಸರಿನ ಜೋಳಿಗೆಗೆ ಹಾಕಿದೆವು.

ಹಾಗೆ ಹಾಕುವುದಕ್ಕೆ ನಮಗೆ ಹಿರಿಯರ ಬೆಂಬಲವೂ ಇತ್ತು ಎಂಬುದು ಗ್ರಂಥಾಲಯದಲ್ಲಿ ಕೂತ ಮೇಲೆ ತಿಳಿಯಿತು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ಕಾಯಿಲೆಗೆ ಸ್ಪಷ್ಟ ರೂಪ ಕೊಟ್ಟಾಗಲೇ ನೆನಪು ಕುಂದುವುದನ್ನೂ ಭಾವನೆ ಏರುಪೇರಾಗುವುದನ್ನೂ ಗುರುತಿಸಿದ್ದ. 1926ರಲ್ಲಿ ಲಂಡನ್ನಿನ ಕಾಟ್ರೆಲ್ ಮತ್ತು ವಿಲ್ಸನ್ 100 ರೋಗಿಗಳ ಮನಃಸ್ಥಿತಿಯನ್ನೇ ಅಧ್ಯಯನ ಮಾಡಿದ್ದರು. ಎಂಎಸ್ ಎಂದರೆ ಮನಸ್ಸೂ ಅಲುಗಾಡಬಹುದು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ತಲೆಮಾರುಗಳಿಂದ ಕೂತಿತ್ತು. ಅದು ಸುಳ್ಳೂ ಅಲ್ಲ.

ಆದರೆ ಅದೇ ಪುಸ್ತಕಗಳಲ್ಲಿ ಇನ್ನೊಂದು ಮಾತೂ ಇತ್ತು. 1965ರಲ್ಲಿ ಷೂಮಾಕರ್ ಸಮಿತಿ ಎಂಎಸ್ ಪತ್ತೆಗೆ ನಿಯಮಗಳನ್ನು ಮಾಡಿದಾಗ, ಈ ಲಕ್ಷಣಗಳಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಬೇರೆ ಕಾಯಿಲೆ ಇರಬಾರದು ಎಂಬ ಷರತ್ತು ಸೇರಿಸಿತ್ತು. 2001ರಲ್ಲಿ ಮ್ಯಾಕ್‌ಡೊನಾಲ್ಡ್ ಹೆಸರಿನಲ್ಲಿ ಬಂದ ನಿಯಮಗಳೂ ಆ ಷರತ್ತನ್ನು ಉಳಿಸಿಕೊಂಡವು. ಅದನ್ನು ನಾವು ಹೆಸರಿಡುವ ದಿನ ಒಮ್ಮೆ ಕೇಳಿಕೊಳ್ಳುತ್ತೇವೆ. ಹೆಸರಿಟ್ಟ ಮೇಲೆ, ರೋಗಿ ಹೊಸ ತೊಂದರೆ ಹೊತ್ತು ಬಾಗಿಲಿಗೆ ಬಂದಾಗ, ಮತ್ತೆ ಕೇಳಿಕೊಳ್ಳುವುದಿಲ್ಲ. ಈ ಹುಡುಕಾಟದಲ್ಲಿ ನನ್ನನ್ನು ಕೊನೆಯವರೆಗೂ ಕಾಡಿದ್ದು ಇದೇ.

ಜಗಿಯುವ ಬಾಯಿಯ ಜಾಡು ಹಿಡಿದು ಹೋದೆ. 1997ರಲ್ಲಿ ಜಪಾನಿನಿಂದ ಎರಡು ವರದಿಗಳು ಬಂದಿದ್ದವು. ಹರೆಯದ ಹೆಣ್ಣುಮಕ್ಕಳು, ಮಿದುಳಿನ ಉರಿಯೂತ, ಅಂಡಾಶಯದಲ್ಲಿ ಟೆರಟೋಮ ಎಂಬ ಗಡ್ಡೆ. ಆ ಗಡ್ಡೆ ವಿಚಿತ್ರವಾದದ್ದು. ಕೂದಲು, ಹಲ್ಲು, ಚರ್ಮ, ಕೆಲವೊಮ್ಮೆ ನರದ ಅಂಗಾಂಶ ಕೂಡ ಅದರೊಳಗೆ ಬೆಳೆದಿರುತ್ತದೆ. ಗಡ್ಡೆ ತೆಗೆದ ಮೇಲೆ ಮಿದುಳು ಸುಧಾರಿಸಿತು ಎಂದರೆ 1997ರಲ್ಲಿ ಯಾರಿಗೆ ಏನು ಅರ್ಥವಾಗಬೇಕು?

ಅರ್ಥ ಬಿಡಿಸಿದವರು ಆಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಸ್ಪೇನ್ ಮೂಲದ ನರವೈದ್ಯ ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು. 2005ರಲ್ಲಿ ಅವರು ಇಂಥದೇ ನಾಲ್ವರು ಯುವತಿಯರ ವಿವರ ಪ್ರಕಟಿಸಿದರು. ಅವರ ರಕ್ತ ಮತ್ತು ಬೆನ್ನಿನ ನೀರಿನಲ್ಲಿ ಇಲಿಯ ಮಿದುಳಿನ ತೆಳುಪದರಕ್ಕೆ ಅಂಟಿಕೊಳ್ಳುವ ಪ್ರತಿಕಾಯ ಇತ್ತು. ಅದು ನೆನಪಿನ ಮನೆಯಾದ ಹಿಪೊಕ್ಯಾಂಪಸ್ಸಿನಲ್ಲಿ ದಟ್ಟವಾಗಿ ಅಂಟುತ್ತಿತ್ತು. ಯಾವುದಕ್ಕೆ ಅಂಟುತ್ತಿದೆ ಎಂಬುದು 2007ರಲ್ಲಿ, 12 ಮಂದಿ ರೋಗಿಗಳನ್ನು ನೋಡುವ ಹೊತ್ತಿಗೆ ಗೊತ್ತಾಯಿತು. ನರಕೋಶದ ಮೈಮೇಲಿರುವ ಎನ್‌ಎಂಡಿಎ ಗ್ರಾಹಿಗೆ. ನರಕೋಶಗಳು ಒಂದಕ್ಕೊಂದು ಮಾತಾಡಲು, ನೆನಪು ಕಟ್ಟಲು ಬೇಕಾದ ಬಾಗಿಲು ಅದು. ಪ್ರತಿಕಾಯ ಬಂದು ಈ ಬಾಗಿಲುಗಳನ್ನು ಕೋಶದ ಒಳಕ್ಕೆ ಎಳೆಸಿಬಿಡುತ್ತದೆ. ಕೋಶ ಸಾಯುವುದಿಲ್ಲ, ಬಾಗಿಲಿಲ್ಲದ ಮನೆಯ ಹಾಗೆ ಉಳಿಯುತ್ತದೆ. ಅರಿವಳಿಕೆಗೆ ಕೊಡುವ ಕೆಟಮಿನ್ ತಡೆಯುವುದೂ ಇದೇ ಗ್ರಾಹಿಯನ್ನು. ಕೆಟಮಿನ್ ಕೊಟ್ಟ ರೋಗಿ ಕಣ್ಣು ಬಿಟ್ಟುಕೊಂಡೇ ಎಲ್ಲೋ ಇರುವುದನ್ನು ಆಪರೇಷನ್ ಥಿಯೇಟರಿನಲ್ಲಿ ನಾವೆಲ್ಲ ನೋಡಿದ್ದೇವೆ.

2008ರ ಲೇಖನದಲ್ಲಿ 100 ಮಂದಿ. 91 ಹೆಣ್ಣುಮಕ್ಕಳು. ಗಡ್ಡೆಗಾಗಿ ಪರೀಕ್ಷೆ ಆದ 98 ಮಂದಿಯಲ್ಲಿ 58 ಜನಕ್ಕೆ ಗಡ್ಡೆ ಇತ್ತು. ಕಾಯಿಲೆಯ ನಡೆ ಒಂದೇ ಬಗೆಯದು. ಮೊದಲು ನೆಗಡಿ-ಜ್ವರದಂಥದ್ದು, ಆಮೇಲೆ ಭಯ, ಭ್ರಮೆ, ನಿದ್ದೆಗೇಡು, ಫಿಟ್ಸ್, ಮಾತು ನಿಲ್ಲುವುದು, ಮತ್ತೆ ಬಾಯಿ ಮುಖ ಕೈಗಳ ತಡೆಯಿಲ್ಲದ ಆಟ. ತುಟಿ ಚಪ್ಪರಿಸುವುದು. ಜಗಿಯುವುದು. ಪಿಯಾನೊ ನುಡಿಸಿದ ಹಾಗೆ ಬೆರಳಾಡಿಸುವುದು ಎಂದು ವೈದ್ಯರು ಅಲ್ಲಲ್ಲಿ ಬರೆದಿದ್ದಾರೆ. ನಮ್ಮ ಸಿಸ್ಟರ್ ಅದನ್ನು ಹೂ ಕಟ್ಟುವುದು ಎಂದು ಬರೆದಿದ್ದರು, ದಾಲ್ಮೌ ಗ್ರಾಹಿಯ ಹೆಸರು ಹೇಳುವುದಕ್ಕೆ ನಾಲ್ಕು ವರ್ಷ ಮೊದಲು, ಮಧ್ಯರಾತ್ರಿ ಕಳೆದು ಮೂರೂಕಾಲು ಗಂಟೆಗೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ದೇಹದ ರಕ್ಷಣೆಯೇ ಮಿದುಳನ್ನು ಸುಡಬಹುದೆಂಬ ತಿಳಿವಳಿಕೆ ಎಲ್ಲಿಂದ ಬಂತು ಎಂದು ಹುಡುಕಿದರೆ ದಾರಿ ನಮ್ಮ ಹಳ್ಳಿಯ ಜಗಲಿಗೇ ಬಂದು ನಿಲ್ಲುತ್ತದೆ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ನನ್ನ ವಯಸ್ಸಿನವರಿಗೆ ಆ ಮಾತು ಕೇಳಿದರೇ ಹೊಟ್ಟೆ ಬಿಗಿಯುತ್ತದೆ. ಕಸೌಲಿಯ ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಲಸಿಕೆ ಅದು. ರೇಬೀಸ್ ವೈರಸ್ಸನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನು ಅರೆದು, ಫೀನಾಲ್‌ನಿಂದ ವೈರಸ್ಸನ್ನು ಕೊಂದು ಚುಚ್ಚುತ್ತಿದ್ದರು. ಜೀವ ಉಳಿಸಿದ್ದು ನಿಜ, ಎಷ್ಟೋ ಜನರದು. ಆದರೆ ಕೆಲವರಿಗೆ ಎರಡು ಮೂರು ವಾರದಲ್ಲಿ ಕಾಲು ಬಿದ್ದುಹೋಗುತ್ತಿತ್ತು, ಕೆಲವರಿಗೆ ಪ್ರಜ್ಞೆ ಮುಸುಕುತ್ತಿತ್ತು. ಊರಿನವರು ನಾಯಿಯ ನಂಜು ಎಂದುಕೊಂಡರು. ಪಾಶ್ಚರನ ಕಾಲದ ಮೊಲದ ನರದ ಲಸಿಕೆಯಿಂದಲೂ ಹೀಗೆ ಆಗಿತ್ತು.

ನಂಜಲ್ಲ, ಲಸಿಕೆಯೊಳಗಿನ ಮಿದುಳೇ ಕಾರಣ ಎಂದು ತೋರಿಸಿದ್ದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್. 1933ರಲ್ಲಿ ಅವರು ಕೋತಿಗಳಿಗೆ ರೋಗವೇ ಇಲ್ಲದ ಮೊಲದ ಮಿದುಳಿನ ರಸವನ್ನು ಮತ್ತೆ ಮತ್ತೆ ಚುಚ್ಚಿದರು. ವೈರಸ್ಸಿನ ಸೋಂಕೂ ಇಲ್ಲ. ಆದರೂ ಕೆಲವು ಕೋತಿಗಳಿಗೆ ಲಕ್ವ ಹೊಡೆಯಿತು. ಸತ್ತ ಕೋತಿಯ ಮಿದುಳಿನಲ್ಲಿ ರಕ್ತನಾಳಗಳ ಸುತ್ತ ಉರಿಯೂತ ಮತ್ತು ಮಯಲಿನ್ ನಾಶ ಕಂಡಿತು. ಪರಕೀಯ ಮಿದುಳನ್ನು ಎದುರಿಸಲು ಎದ್ದ ಪಡೆ ತನ್ನದೇ ಮಿದುಳಿಗೂ ನುಗ್ಗಿತ್ತು. ಎಂಎಸ್ ಸಂಶೋಧನೆಯ ಬಹುಭಾಗ ಇವತ್ತಿಗೂ ನಿಂತಿರುವುದು ಆ ಪ್ರಯೋಗದ ಮುಂದುವರಿಕೆಯ ಮೇಲೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1984ರಲ್ಲಿ, ಕುರಿಮಿದುಳಿನ ಇನ್ನೊಂದು ಬಗೆಯ ರೇಬೀಸ್ ಲಸಿಕೆಯಿಂದ ನರದ ತೊಂದರೆಗೆ ಒಳಗಾದವರ ವಿವರವಾದ ವರದಿಯನ್ನು ಪ್ರಕಟಿಸಿದ್ದಾರೆ. ಭಾರತದಲ್ಲಿ ಮಿದುಳಿನ ಲಸಿಕೆಯ ಕಾಲ ಮುಗಿದದ್ದು 2005ರ ಹೊತ್ತಿಗೆ. ಈ ಹುಡುಗಿ ನಮ್ಮ ವಾರ್ಡಿನಲ್ಲಿ ಮಲಗಿದ್ದಾಗ ಅದು ಇನ್ನೂ ಬಳಕೆಯಲ್ಲಿತ್ತು. ಅವಳ ಹೊಟ್ಟೆಯ ಮೇಲೆ ಅದರ ಗುರುತಿಲ್ಲ ಎಂದು ಕಡತದಲ್ಲಿದೆ. ನಾಯಿ ಕಚ್ಚಿತ್ತೆ ಎಂದು ಕೇಳುವುದು ಆಗ ನಮಗೆ ವಾಡಿಕೆಯಾಗಿತ್ತು. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೆವು, ಒಂದು ಹೆಜ್ಜೆ ಮುಂದೆ ಹೋಗಲಿಲ್ಲ ಅಷ್ಟೆ.

ಎರಡು ಕಾಯಿಲೆಗಳ ವ್ಯತ್ಯಾಸ ಇಲ್ಲಿ ಮುಖ್ಯ. ಎಂಎಸ್‌ನಲ್ಲಿ ಮುಂದೆ ನಿಂತು ಹೊಡೆಯುವುದು ಬಿಳಿರಕ್ತಕಣಗಳು, ಏಟು ಬೀಳುವುದು ತಂತಿಯ ಹೊದಿಕೆಗೆ. ಎನ್‌ಎಂಡಿಎ ಉರಿಯೂತದಲ್ಲಿ ಹೊಡೆಯುವುದು ಪ್ರತಿಕಾಯ, ಏಟು ಬೀಳುವುದು ತಂತಿಗಳು ಕೂಡುವ ಜಾಗದ ಬಾಗಿಲಿಗೆ. ಒಂದರಲ್ಲಿ ಹೋದದ್ದು ಪೂರ್ತಿ ಮರಳಿ ಬಾರದೆ ಹೋಗಬಹುದು. ಇನ್ನೊಂದರಲ್ಲಿ ಪ್ರತಿಕಾಯ ಇಳಿದರೆ ಬಾಗಿಲುಗಳು ಮತ್ತೆ ಮೇಲೆ ಬರುತ್ತವೆ. ವೆಂಟಿಲೇಟರಿನಲ್ಲಿ ತಿಂಗಳುಗಟ್ಟಲೆ ಇದ್ದವರು ಎದ್ದು ಕಾಲೇಜಿಗೆ ಹೋಗಿದ್ದಾರೆ. 2013ರ ದೊಡ್ಡ ಅಧ್ಯಯನವೊಂದರಲ್ಲಿ, ಎರಡು ವರ್ಷ ಗಮನಿಸಿದವರಲ್ಲಿ ಹತ್ತಿರ ಹತ್ತಿರ ಐದರಲ್ಲಿ ನಾಲ್ವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರ ಸ್ಥಿತಿ ಇನ್ನೂ ಚೆನ್ನಾಗಿತ್ತು.

ಇಷ್ಟು ತಿಳಿದುಕೊಂಡು ಮತ್ತೆ ಕಡತಕ್ಕೆ ಬಂದೆ. ಈ ಸಲ ರೋಗಪತ್ತೆಯ ಸಾಲನ್ನು ಕೈಯಲ್ಲಿ ಮುಚ್ಚಿಟ್ಟು ಓದಿದೆ.

ಬೆನ್ನಿನ ನೀರಿನಲ್ಲಿ ಒಂದು ಮೈಕ್ರೋಲೀಟರಿಗೆ 72 ಜೀವಕೋಶ, ಎಲ್ಲವೂ ಲಿಂಫೊಸೈಟುಗಳು. ಎಂಎಸ್‌ನಲ್ಲಿ ಈ ಸಂಖ್ಯೆ 50 ದಾಟುವುದು ಬಹಳ ಅಪರೂಪ. ಆ ಅಂಕಿಯ ಸುತ್ತ ಯಾರೋ ಪೆನ್ಸಿಲ್ಲಿನಲ್ಲಿ ವೃತ್ತ ಎಳೆದಿದ್ದಾರೆ, ಪಕ್ಕದಲ್ಲಿ ಏನೂ ಬರೆದಿಲ್ಲ. ಹರ್ಪಿಸ್ ವೈರಸ್ ಇರಬಹುದೆಂದು ಅಸೈಕ್ಲೊವಿರ್ ಶುರುಮಾಡಿ, ವರದಿ ಬಂದ ಮೇಲೆ ನಿಲ್ಲಿಸಿದ್ದಾರೆ. ಆರನೇ ದಿನ ಹ್ಯಾಲೊಪೆರಿಡಾಲ್. ಏಳನೇ ದಿನ ಮೈ ಮರದ ಹಾಗೆ ಬಿಗಿದು ಜ್ವರ 103 ಡಿಗ್ರಿಗೆ ಏರಿದೆ. ಮನೋರೋಗದ ಈ ಮದ್ದನ್ನು ಎನ್‌ಎಂಡಿಎ ರೋಗಿಗಳು ತಡೆದುಕೊಳ್ಳುವುದಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು. ಎದೆಬಡಿತ ಒಂದು ಗಂಟೆ 140, ಮರುಗಂಟೆ 58. ಅದೂ ನರ್ಸಿಂಗ್ ಹಾಳೆಯಲ್ಲೇ ಇದೆ, ನಮ್ಮ ಟಿಪ್ಪಣಿಯಲ್ಲಿ ಇಲ್ಲ. ಇಇಜಿ ವರದಿಯಲ್ಲಿ ‘ಎಲ್ಲೆಡೆ ನಿಧಾನದ ಅಲೆ’ ಎಂಬ ಒಂದೇ ಸಾಲು. 2012ರಲ್ಲಿ ಅಮೆರಿಕದ ವೈದ್ಯರು 23 ಮಂದಿಯಲ್ಲಿ 7 ಜನರ ಇಇಜಿಯಲ್ಲಿ ವಿಶೇಷ ಆಕೃತಿಯೊಂದನ್ನು ಗುರುತಿಸಿದ್ದಾರೆ. ದೊಡ್ಡ ನಿಧಾನದ ಅಲೆ, ಅದರ ಬೆನ್ನೇರಿ ಕೂತ ಸಣ್ಣ ನಡುಗು ಗೆರೆಗಳು. ಅವಳ ಇಇಜಿ ಸುರುಳಿಗಾಗಿ ಎರಡು ದಿನ ಹುಡುಕಿದೆ. ಆ ವರ್ಷದ ಸುರುಳಿಗಳನ್ನೆಲ್ಲ ತೂಕಕ್ಕೆ ಹಾಕಿದ್ದರು.

ಹೊಟ್ಟೆಯ ಸ್ಕ್ಯಾನ್ ಮಾಡಿಸಿದ ಚೀಟಿ ಇಲ್ಲ. ಮಾಡಿಸಲು ಆಗ ಕಾರಣವೇ ಇರಲಿಲ್ಲ.

ಈಗ ಆ 2014ರ ಲೇಖನ. ಮಾರ್ಟನ್ ಟಿಟುಲೇರ್, ದಾಲ್ಮೌ ಮತ್ತು ಸಂಗಡಿಗರು ಮಾಡಿದ ಕೆಲಸ ನನ್ನದರಂಥದೇ, ಬಹಳ ದೊಡ್ಡ ಪ್ರಮಾಣದ್ದು. ಎನ್‌ಎಂಡಿಎ ಉರಿಯೂತದ 691 ರೋಗಿಗಳ ದಾಖಲೆ ತಿರುವಿಹಾಕಿ ಹೊದಿಕೆ ಕಳಚುವ ಕಾಯಿಲೆಯ ಕುರುಹು ಯಾರಲ್ಲಿದೆ ಎಂದು ನೋಡಿದರು. 23 ಮಂದಿ ಸಿಕ್ಕರು, ನೂರಕ್ಕೆ 3.3. ಅವರಲ್ಲಿ 12 ಮಂದಿಗೆ ಎರಡು ಕಾಯಿಲೆಗಳೂ ಬೇರೆ ಬೇರೆ ಸಮಯದಲ್ಲಿ, ಒಂದರ ಹಿಂದೆ ಒಂದು ಬಂದಿದ್ದವು. 11 ಮಂದಿಗೆ ಒಟ್ಟಿಗೇ.

ಇಲ್ಲೇ ನಾನು ತಬ್ಬಿಬ್ಬಾದದ್ದು. ಅವರು ಹಳೆಯ ಮಾದರಿಗಳನ್ನು ಹೊಸದಾಗಿ ಪರೀಕ್ಷಿಸಿದಾಗ ಹಲವರಲ್ಲಿ ಸಿಕ್ಕಿದ್ದು ಅಕ್ವಪೊರಿನ್-4 ಅಥವಾ ಮಾಗ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ. ಅಂದರೆ ಜೊತೆಗಿದ್ದದ್ದು ಎಂಎಸ್ ಅಲ್ಲ, ಅದರ ದಾಯಾದಿಗಳು. ಫ್ರಾನ್ಸಿನ ಲಿಯಾನ್ ನಗರದ ಯೂಜೀನ್ ದೆವಿಕ್ 1894ರಲ್ಲಿ ಕಣ್ಣಿನ ನರ ಮತ್ತು ಬೆನ್ನುಹುರಿ ಎರಡನ್ನೂ ಹಿಡಿಯುವ ಕಾಯಿಲೆಯೊಂದನ್ನು ವಿವರಿಸಿದ್ದ. ಅದನ್ನು ಒಂದು ಶತಮಾನ ಎಂಎಸ್‌ನದೇ ಒಂದು ರೂಪ ಎಂದು ಎಣಿಸಿದರು. 2004ರಲ್ಲಿ ಮೇಯೊ ಕ್ಲಿನಿಕ್ಕಿನ ವಂಡಾ ಲೆನನ್ ತಂಡ ಅದಕ್ಕೇ ವಿಶಿಷ್ಟವಾದ ಪ್ರತಿಕಾಯವನ್ನು ಕಂಡುಹಿಡಿದ ಮೇಲೆ ಅದು ಬೇರೆ ಮನೆ ಮಾಡಿತು. ಅದೇ ಎನ್‌ಎಂಒ. ನನ್ನ ಹುಡುಗಿಗೆ ಎರಡನೆಯ ಹೆಸರು ಹುಡುಕಲು ಹೊರಟವಳಿಗೆ ಮೊದಲನೆಯ ಹೆಸರೇ ಕೈತಪ್ಪುವ ಹಾಗಾಯಿತು. ಅವಳಿಗೂ ಕಣ್ಣು, ಬೆನ್ನುಹುರಿ. ಅವಳಿಗೆ ಇದ್ದದ್ದು ಎಂಎಸ್ ಹೌದೋ ಅಲ್ಲವೋ?

ಇದು ಬರೀ ಹೆಸರಿನ ಜಗಳವಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಎನ್‌ಎಂಒ ರೋಗಿಯನ್ನು ಇನ್ನಷ್ಟು ಕೆಡಿಸಬಹುದು. ಹೆಸರು ತಪ್ಪಿದರೆ ಔಷಧಿಯೇ ಏಟಾಗುತ್ತದೆ.

ಉತ್ತರಕ್ಕೆ ಫಿಲ್ಮು ಬೇಕಿತ್ತು. ಎಂಆರ್‌ಐ ಫಿಲ್ಮನ್ನು ಮನೆಯವರು ಒಯ್ಯುವುದು ರೂಢಿ. ಪಾಠಕ್ಕೆಂದು ಯಾರೋ ಎರಡು ಹಾಳೆ ನಕಲು ತೆಗೆದಿಟ್ಟಿದ್ದರು. ಕವರಿಗೆ ಅಂಟಿಕೊಂಡಿದ್ದ ಅವನ್ನು ಮೆಲ್ಲಗೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಮಿದುಳಿನ ನಡುವಿನ ನೀರಿನ ಕೋಣೆಗಳ ಅಂಚಿನಿಂದ ಹೊರಕ್ಕೆ ಚಾಚಿದ ಉದ್ದುದ್ದ ಬೆರಳಿನಂಥ ಬಿಳಿ ಕಲೆಗಳು, ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಎಡಿನ್‌ಬರೋದ ಜೇಮ್ಸ್ ಡಾಸನ್ 1916ರಲ್ಲಿ ಸೂಕ್ಷ್ಮದರ್ಶಕದಡಿ ಕಂಡು ವಿವರಿಸಿದ ಕಾರಣ ಅವಕ್ಕೆ ಡಾಸನ್ ಬೆರಳುಗಳೆಂದೇ ಹೆಸರು. ಸಣ್ಣ ಅಭಿಧಮನಿಗಳ ಗುಂಟ ಸಾಗುವ ಉರಿಯೂತದ ಹೆಜ್ಜೆಗಳು ಅವು. ಬೆನ್ನುಹುರಿಯ ಕಲೆ ಒಂದು ಕಶೇರುವಿನಷ್ಟು ಉದ್ದ ಮಾತ್ರ. ಎನ್‌ಎಂಒದಲ್ಲಾದರೆ ಸಾಮಾನ್ಯವಾಗಿ ಮೂರು ಕಶೇರು ದಾಟುತ್ತದೆ. ರೇಡಿಯಾಲಜಿಯ ಗೆಳತಿಗೆ ಏನೂ ಹೇಳದೆ ತೋರಿಸಿದೆ. ಒಂದು ನಿಮಿಷ ನೋಡಿ, “ಇದು ಎಂಎಸ್ಸೇ” ಎಂದಳು.

ಹಾಗಾದರೆ ಎಂಎಸ್ ಕೂಡ, ಎನ್‌ಎಂಡಿಎ ಉರಿಯೂತ ಕೂಡ. ಇಂಥ ಜೋಡಿ ಬಹಳ ವಿರಳ. 2012ರಲ್ಲಿ ಜಪಾನಿನಿಂದ ಎಂಎಸ್ ಇದ್ದ ರೋಗಿಯೊಬ್ಬರಲ್ಲಿ ಎನ್‌ಎಂಡಿಎ ಪ್ರತಿಕಾಯದ ಉರಿಯೂತ ಕಂಡ ವರದಿ ಬಂದಿದೆ. ಆಮೇಲೂ ಅಲ್ಲೊಂದು ಇಲ್ಲೊಂದು. ಒಂದು ಏಟು ಇನ್ನೊಂದಕ್ಕೆ ದಾರಿ ಮಾಡಿಕೊಡಬಹುದು ಎಂಬುದಕ್ಕೆ ಗಟ್ಟಿ ಉದಾಹರಣೆ ಬೇರೆ ಕಡೆಯಿಂದ ಸಿಗುತ್ತದೆ. ಹರ್ಪಿಸ್ ವೈರಸ್ಸಿನ ಮಿದುಳು ಉರಿಯೂತದಿಂದ ಬಳಲಿದ 51 ಮಂದಿಯನ್ನು ಸ್ಪೇನಿನ ವೈದ್ಯರು ಹಿಂಬಾಲಿಸಿದರು. 2018ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 14 ಮಂದಿಗೆ ವಾರಗಳ ನಂತರ ಪ್ರತಿಕಾಯದ ಉರಿಯೂತ ಬಂದಿತ್ತು. ಮೊದಲ ಬೆಂಕಿಯಲ್ಲಿ ಒಡೆದ ಕೋಶಗಳ ಚೂರುಗಳು ರಕ್ಷಣಾ ಪಡೆಯ ಕಣ್ಣಿಗೆ ಬಿದ್ದು, ಎರಡನೆಯ ಬೆಂಕಿ ಹತ್ತುತ್ತದೆ ಎಂಬುದು ಅವರ ಊಹೆ. ಎಂಎಸ್‌ನಲ್ಲೂ ಹಾಗೆಯೇ ಆಗುತ್ತದೆ ಎಂದು ನಾನು ಸಾಧಿಸಲಾರೆ. ಆದರೆ ಆಗುವುದೇ ಇಲ್ಲವೆಂದು ಕಡತ ಮುಚ್ಚುವುದೂ ತರವಲ್ಲ.

ನಮ್ಮ ಕಡೆ ಎಂಎಸ್ ಬರುವುದಿಲ್ಲ, ಅದು ಚಳಿದೇಶದ ಕಾಯಿಲೆ ಎಂದು ನಾವು ಓದಿದ ಕಾಲವೂ ಒಂದಿತ್ತು. ಆ ಮಾತನ್ನು ಮಂಗಳೂರು ಅಲ್ಲಗಳೆಯಿತು. ಅಲ್ಲಿ ನರವೈದ್ಯೆ ಲೇಖಾ ಪಂಡಿತ್ ಹೊದಿಕೆ ಕಳಚುವ ಕಾಯಿಲೆಗಳಿಗೆಂದೇ ಒಂದು ನೋಂದಣಿ ಪುಸ್ತಕ ಕಟ್ಟಿ, ಮಂಗಳೂರು ನಗರದ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದರು. ಲಕ್ಷಕ್ಕೆ 8.35 ಎಂಎಸ್, 2.6 ಎನ್‌ಎಂಒ. ಹಿಂದಿನ ಅಂದಾಜುಗಳಿಗಿಂತ ಎಷ್ಟೋ ಪಾಲು ಹೆಚ್ಚು. ಕರಾವಳಿಯ ಈ ಕೆಲಸ ನೋಡಿದಾಗ ನನಗೆ ಹೊಟ್ಟೆಕಿಚ್ಚಿನಂಥ ಸಂತೋಷವಾಗುತ್ತದೆ. ಒಬ್ಬೊಬ್ಬ ರೋಗಿಯದೂ ಹೆಸರು ಬರೆದು, ರಕ್ತದ ಮಾದರಿ ತೆಗೆದಿಟ್ಟು, ಹೊಸ ಪರೀಕ್ಷೆ ಬಂದಾಗ ಹಳೆಯದನ್ನು ಮತ್ತೆ ತೆರೆಯುವ ಕೆಲಸ ಅದು. ನಮ್ಮಲ್ಲಿ 2003ರ ಆ ಹುಡುಗಿಯ ಒಂದು ಹನಿ ಬೆನ್ನಿನ ನೀರು ಶೀತಪೆಟ್ಟಿಗೆಯಲ್ಲಿ ಉಳಿದಿದ್ದರೆ, ಈ ಲೇಖನ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು.

ಬೇರೆ ಕಡೆ ಹಾಗೆ ಉಳಿದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಉರಿಯೂತದ ರೋಗಿಗಳ ಮಾದರಿಗಳನ್ನು ಕೂಡಿಡುವ ಯೋಜನೆಯಿತ್ತು. 2007ರಿಂದ 2011ರ ನಡುವೆ ಅಲ್ಲಿ ಕಾರಣ ಖಚಿತವಾದ, 30 ವರ್ಷದೊಳಗಿನ 79 ಮಂದಿಯಲ್ಲಿ 32 ಜನಕ್ಕೆ ಎನ್‌ಎಂಡಿಎ ಪ್ರತಿಕಾಯ ಇತ್ತು. ಹರ್ಪಿಸ್ ಇದ್ದವರು 7 ಮಂದಿ. ನಾವು ಮೊದಲು ಹೆದರುತ್ತಿದ್ದ ವೈರಸ್ಸಿಗಿಂತ ನಾಲ್ಕು ಪಟ್ಟು. ಪರೀಕ್ಷೆಗೆ ರಕ್ತ ಮಾತ್ರ ಕಳುಹಿಸಿದರೂ ಸಾಲದು. 250 ಮಂದಿಯ ಅಧ್ಯಯನವೊಂದರಲ್ಲಿ ಎಲ್ಲರ ಬೆನ್ನಿನ ನೀರಿನಲ್ಲೂ ಪ್ರತಿಕಾಯ ಸಿಕ್ಕಿತ್ತು, ಆದರೆ ಏಳರಲ್ಲಿ ಒಬ್ಬರ ರಕ್ತದಲ್ಲಿ ಸಿಗಲಿಲ್ಲ. ಇವತ್ತು ವಾರ್ಡಿನಲ್ಲಿರುವ ಕಿರಿಯರಿಗೆ ಕೂಗಿ ಹೇಳಬೇಕೆನಿಸುವ ಒಂದು ಮಾತಿದ್ದರೆ ಇದು.

ಇನ್ನೊಂದು ಬದಿಯನ್ನೂ ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಹೊಸ ಹೆಸರು ಬಂದ ಮೇಲೆ ಎಲ್ಲಕ್ಕೂ ಅದನ್ನೇ ಅಂಟಿಸುವ ಅವಸರವೂ ಬಂತು. 2023ರಲ್ಲಿ ಆರು ದೊಡ್ಡ ಕೇಂದ್ರಗಳು ಆಟೊಇಮ್ಯೂನ್ ಉರಿಯೂತವೆಂದು ತಮ್ಮಲ್ಲಿಗೆ ಬಂದ 393 ಮಂದಿಯನ್ನು ಮರುಪರಿಶೀಲಿಸಿದವು. 107 ಮಂದಿಗೆ ಆ ಕಾಯಿಲೆ ಇರಲೇ ಇಲ್ಲ. ಅವರಲ್ಲಿ ನಿಜವಾಗಿಯೂ ಫಂಕ್ಷನಲ್ ತೊಂದರೆ ಇದ್ದವರೂ ಇದ್ದರು, ಮನೋರೋಗದವರೂ ಇದ್ದರು. ಕೆಲವರು ವೃಥಾ ಔಷಧಿಯಿಂದ ತೊಂದರೆಪಟ್ಟಿದ್ದರು. ಹಾಗಾಗಿಯೇ ನನ್ನ ಹುಡುಗಿಯ ಕಡತದ ಮೇಲೆ ನಾನು ಹೊಸ ಹೆಸರು ಬರೆದಿಲ್ಲ. ಬರೆಯಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಇರುವುದು 72 ಎಂಬ ಅಂಕಿ, ಹ್ಯಾಲೊಪೆರಿಡಾಲಿನ ಮರುದಿನದ ಜ್ವರ, ಮತ್ತೆ ಸಿಸ್ಟರ್ ಬರೆದ ಐದಾರು ಸಾಲು.

ಆ ಸಿಸ್ಟರನ್ನು ಹುಡುಕಿದೆ. ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ಫೋನಿನಲ್ಲಿ ಅವರ ಸಾಲುಗಳನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. “ಎಸಳು ಎಣಿಸೋ ಹಾಗೆ ಅಲ್ಲ ಮೇಡಂ, ಗಂಟು ಹಾಕೋ ಹಾಗೇ ಇತ್ತು. ಎರಡು ಹೂ ಇಡೋದು, ಗಂಟು ಎಳೆಯೋದು. ಬೇಕು ಅಂತ ಮಾಡೋರಿಗೆ ಮೂರು ಗಂಟೆ ಹಾಗೆ ಮಾಡೋಕಾಗುತ್ತಾ?” ಎಂದರು. ಅವರಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಹಾಕಲು ಹಾಳೆಯಲ್ಲಿ ಕಾಲಂ ಇರಲಿಲ್ಲ.

ಡಿಸ್ಚಾರ್ಜ್ ಹಾಳೆಯಲ್ಲಿ ‘ಮನೆಯವರ ಕೋರಿಕೆಯ ಮೇರೆಗೆ’ ಎಂದಿದೆ. ಎಂಎಸ್ ಮರುಕಳಿಕೆ ಎಂದುಕೊಂಡು ಐದು ದಿನ ದಿನಕ್ಕೊಂದು ಗ್ರಾಂ ಮಿಥೈಲ್ ಪ್ರೆಡ್ನಿಸೊಲೋನ್ ಕೊಟ್ಟಿದ್ದೆವು. ಎನ್‌ಎಂಡಿಎ ಉರಿಯೂತಕ್ಕೂ ಮೊದಲು ಕೊಡುವ ಮದ್ದುಗಳಲ್ಲಿ ಅದು ಒಂದು. ಹೆಸರು ತಪ್ಪಿದ್ದರೂ ಚಿಕಿತ್ಸೆಯ ಒಂದು ತುಂಡು ಸರಿಯಾಗಿ ಬಿದ್ದಿತ್ತು. 23ನೇ ದಿನ ಅವಳು ನೀರು ನುಂಗುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಪ್ಪ ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ಕರೆದೊಯ್ದದ್ದು ನನಗೆ ನೆನಪಿದೆ. ಕಡತ ಅಲ್ಲಿಗೆ ಮುಗಿಯುತ್ತದೆ.

ಹೊರಡುವ ದಿನ ದಾಖಲೆ ಕೋಣೆಯ ಗುಮಾಸ್ತರು, ಹೊರರೋಗಿಗಳ ಹಳೆಯ ರಿಜಿಸ್ಟರುಗಳು ಮೇಲಿನ ಅಟ್ಟದಲ್ಲಿವೆ, ಬೇಕಾದರೆ ನೋಡಿ ಎಂದರು. ನೋಂದಣಿ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. 2003 ಮುಗಿಯಿತು. 2004ರ ಜನವರಿ, ಫೆಬ್ರುವರಿ, ಬೇಸಿಗೆಯ ತಿಂಗಳುಗಳು. ಬೆರಳು ಕಪ್ಪಾಗಿ, ಗಂಟಲು ಕಟ್ಟಿ, ಸಾಕೆಂದು ಎದ್ದೇಳುವ ಹೊತ್ತಿಗೆ ಸೆಪ್ಟೆಂಬರಿನ ಪುಟದ ಕೆಳಗೆ ಆ ಸಂಖ್ಯೆ ಇತ್ತು. ದಾಖಲಾಗಿ ಹದಿನಾಲ್ಕು ತಿಂಗಳ ನಂತರ. ಹೆಸರು, ವಯಸ್ಸು 23. ನಡೆದುಕೊಂಡು ಬಂದಿದ್ದಾಳೆ. ತೊಂದರೆ ಬರೆಯುವ ಕಿರಿದಾದ ಕಾಲಂನಲ್ಲಿ, ಗೆರೆ ದಾಟಿ ಅಂಚಿನವರೆಗೂ ಹೋದ ಸಣ್ಣ ಅಕ್ಷರಗಳು. ಎಡಗಣ್ಣು ಪುನಃ ಮಂಜು, ನಾಲ್ಕು ದಿನದಿಂದ. ಮಾತು ಸರಿ. ಟೈಲರಿಂಗ್ ಕಲಿಯುತ್ತಿದ್ದಾಳೆ. ಹಿಂದಿನ ಸಲ ಆಸ್ಪತ್ರೆಯಲ್ಲಿ ಇದ್ದದ್ದು ನೆನಪೇ ಇಲ್ಲ ಎನ್ನುತ್ತಾಳೆ.